ಗಾಜಿನ ನಳಿಗೆಯಲ್ಲಿ ವಿದ್ಯುತ್ತಿನ ನಡೆ ಕಂಡ ಫರ್ಡಿನಾಂಡ್ ಬ್ರೌನ್

ಹಳೆಯ ವಿಡಿಯೊ ಗೇಮ್ ಯಂತ್ರಗಳನ್ನು ದುರಸ್ತಿ ಮಾಡುವವರಿಗೆ ಚಿರಪರಿಚಿತವಾದ ದೋಷವೊಂದಿದೆ. ಪರದೆಯ ತುಂಬ ಹರಡಿಕೊಂಡಿದ್ದ ಚಿತ್ರ ಇದ್ದಕ್ಕಿದ್ದಂತೆ ಕುಗ್ಗಿ, ನಟ್ಟನಡುವೆ ಕಣ್ಣು ಕೋರೈಸುವ ಒಂದು ಅಡ್ಡಗೆರೆ ಮಾತ್ರ ಉಳಿಯುತ್ತದೆ. ಅನುಭವಿ ಮೆಕ್ಯಾನಿಕ್‌ಗೆ ಆ ಗೆರೆಯೇ ಸಾಕು. ಪಿಕ್ಚರ್ ಟ್ಯೂಬ್ ಕೆಟ್ಟಿಲ್ಲ, ಅದಕ್ಕೆ ಬೇಕಾದ ಭಾರೀ ವೋಲ್ಟೇಜ್ ಬರುತ್ತಿದೆ, ಎಲೆಕ್ಟ್ರಾನ್ ಕಿರಣವನ್ನು ಎಡದಿಂದ ಬಲಕ್ಕೆ ಓಡಿಸುವ ಭಾಗವೂ ಸರಿಯಾಗಿದೆ. ಮೇಲಿನಿಂದ ಕೆಳಕ್ಕೆ ಇಳಿಸುವ ಭಾಗ ಮಾತ್ರ ಕೈಕೊಟ್ಟಿದೆ ಎಂದು ಆತ ಯಂತ್ರವನ್ನು ಮುಟ್ಟುವ ಮೊದಲೇ ಹೇಳಬಲ್ಲ.

1897ರಲ್ಲಿ ಈ ಜಾತಿಯ ಮೊದಲ ನಳಿಗೆ ಬೆಳಗಿದಾಗ ಅದು ತೋರಿಸಿದ್ದೂ ಒಂದೇ ಒಂದು ಗೆರೆಯನ್ನು. ಅದನ್ನು ರೂಪಿಸಿದ ಜರ್ಮನಿಯ ಭೌತವಿಜ್ಞಾನಿ ಕಾರ್ಲ್ ಫರ್ಡಿನಾಂಡ್ ಬ್ರೌನ್ ಅವರಿಗೆ ಚಿತ್ರದ ಅಗತ್ಯವಿರಲಿಲ್ಲ. ತಂತಿಯೊಳಗೆ ಹರಿಯುವ ವಿದ್ಯುತ್ತು ಹೇಗೆ ಏರುತ್ತದೆ, ಹೇಗೆ ಇಳಿಯುತ್ತದೆ ಎಂಬುದನ್ನು ಕಣ್ಣಾರೆ ನೋಡುವುದಷ್ಟೇ ಅವರ ಉದ್ದೇಶವಾಗಿತ್ತು. ಟಿವಿ, ಕಂಪ್ಯೂಟರ್ ಮತ್ತು ವಿಡಿಯೊ ಗೇಮ್‌ಗಳ ಪರದೆಯಾಗಿ ಮನೆಮನೆಗೆ ಬಂದ ಈ ಸಾಧನ ಹುಟ್ಟಿದ್ದು ಪರೀಕ್ಷಕರ ಉಪಕರಣವಾಗಿ ಎಂಬ ಸಂಗತಿ ಅನೇಕರಿಗೆ ತಿಳಿದಿಲ್ಲ.

ಬ್ರೌನ್ ಜನಿಸಿದ್ದು 1850ರ ಜೂನ್ 6ರಂದು, ಹೆಸ್ಸೆ ಪ್ರಾಂತ್ಯದ ಫುಲ್ಡಾ ಪಟ್ಟಣದಲ್ಲಿ. ತಂದೆ ನ್ಯಾಯಾಲಯದಲ್ಲಿ ಗುಮಾಸ್ತರಾಗಿದ್ದರು. ಹುಟ್ಟೂರಿನಲ್ಲೇ ಶಾಲಾ ಶಿಕ್ಷಣ ಮುಗಿಸಿದ ಬ್ರೌನ್, ಮಾರ್‌ಬುರ್ಗ್ ಮತ್ತು ಬರ್ಲಿನ್ ವಿಶ್ವವಿದ್ಯಾಲಯಗಳಲ್ಲಿ ವ್ಯಾಸಂಗ ಮಾಡಿದರು. ಕಂಪಿಸುವ ತಂತಿಗಳನ್ನು ಕುರಿತು ನಡೆಸಿದ ಅಧ್ಯಯನಕ್ಕೆ 1872ರಲ್ಲಿ ಬರ್ಲಿನ್‌ನಲ್ಲಿ ಡಾಕ್ಟರೇಟ್ ಪಡೆದರು. ಆದರೆ ವಿದ್ವತ್ತಿಗೆ ತಕ್ಕ ಹುದ್ದೆ ಆ ಕೂಡಲೇ ಸಿಗಲಿಲ್ಲ. ಹೊಟ್ಟೆಪಾಡಿಗಾಗಿ ಶಿಕ್ಷಕರ ಪರೀಕ್ಷೆ ಬರೆದು, 1874ರಲ್ಲಿ ಲೈಪ್ಜಿಗ್‌ನ ಸೇಂಟ್ ಥಾಮಸ್ ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳಲು ನಿಂತರು. ಸಂಗೀತ ಲೋಕದ ಮೇರು ಬಾಖ್ ಒಂದು ಕಾಲಕ್ಕೆ ಸೇವೆ ಸಲ್ಲಿಸಿದ್ದ ಶಾಲೆಯದು. ಎಳೆಯರಿಗಾಗಿ ಗಣಿತ ಮತ್ತು ಪ್ರಕೃತಿ ವಿಜ್ಞಾನವನ್ನು ಪರಿಚಯಿಸುವ ಪುಸ್ತಕವೊಂದನ್ನೂ ಅವರು ಈ ದಿನಗಳಲ್ಲಿ ಬರೆದರು.

ಅದೇ 1874ರಲ್ಲಿ, ಬಿಡುವಿನ ವೇಳೆಯಲ್ಲಿ ಮಾಡಿದ ಪ್ರಯೋಗಗಳಿಂದ ಅವರು ಒಂದು ವಿಚಿತ್ರವನ್ನು ಗುರುತಿಸಿದರು. ಸೀಸದ ಅದಿರಾದ ಗೆಲೀನಾದಂತಹ ಹರಳುಗಳಿಗೆ ಚೂಪಾದ ಲೋಹದ ತಂತಿಯನ್ನು ಒತ್ತಿ ವಿದ್ಯುತ್ತನ್ನು ಹರಿಸಿದಾಗ, ಒಂದು ದಿಕ್ಕಿನಲ್ಲಿ ಅದು ಸಲೀಸಾಗಿ ಸಾಗುತ್ತಿತ್ತು, ಎದುರು ದಿಕ್ಕಿನಲ್ಲಿ ತಡೆಯುಂಟಾಗುತ್ತಿತ್ತು. ಓಮ್‌ನ ನಿಯಮಕ್ಕೆ ಒಗ್ಗದ ಈ ನಡವಳಿಕೆಯನ್ನು ಅವರು ಪ್ರಕಟಿಸಿದರಾದರೂ ಅದಕ್ಕೆ ಕಾರಣವೇನೆಂದು ಆಗ ಯಾರಿಗೂ ಬಿಡಿಸಲಾಗಲಿಲ್ಲ, ಅದರಿಂದ ಪ್ರಯೋಜನವೇನೆಂಬುದೂ ಹೊಳೆಯಲಿಲ್ಲ. ಕಾಲು ಶತಮಾನ ಕಳೆದ ಮೇಲೆ, ಕಲ್ಕತ್ತೆಯ ಜಗದೀಶಚಂದ್ರ ಬೋಸರು ಅದೇ ಗೆಲೀನಾ ಹರಳಿನಿಂದ ವಿದ್ಯುತ್ಕಾಂತೀಯ ಅಲೆಗಳನ್ನು ಹಿಡಿಯುವ ಸಾಧನ ರೂಪಿಸಿ, 1904ರಲ್ಲಿ ಅಮೆರಿಕದ ಪೇಟೆಂಟ್ ಪಡೆದರು. ಬ್ರೌನ್ ಗುರುತಿಸಿದ ಏಕಮುಖ ಹರಿವೇ ಮುಂದೆ ಡಯೋಡ್ ಎಂಬ ಬಿಡಿಭಾಗದ ಗುಣವಾಯಿತು. ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ 1962ರಲ್ಲಿ ಜರ್ಮೇನಿಯಂ ಅರೆವಾಹಕಗಳ ತಯಾರಿಕೆಗೆ ಕೈಹಾಕಿದಾಗ ಈ ವಂಶಾವಳಿ ಕನ್ನಡ ನಾಡನ್ನೂ ತಲುಪಿತು.

ಯಾವ ಹಳೆಯ ಮಾನಿಟರ್‌ನ ಹಲಗೆಯನ್ನು ಬಿಚ್ಚಿದರೂ ವಿದ್ಯುತ್ತು ಒಳಬರುವ ಜಾಗದಲ್ಲಿ ನಾಲ್ಕು ಡಯೋಡ್‌ಗಳ ಗುಂಪೊಂದು ಕಾಣುತ್ತದೆ. ದಿಕ್ಕು ಬದಲಿಸುತ್ತಲೇ ಇರುವ ಎ.ಸಿ. ವಿದ್ಯುತ್ತನ್ನು ಒಂದೇ ದಿಕ್ಕಿಗೆ ತಿರುಗಿಸುವುದು ಅವುಗಳ ಕೆಲಸ. ಹೊತ್ತಿಸಿದ ಕೂಡಲೇ ಫ್ಯೂಸ್ ಹಾರಿದರೆ ಮೆಕ್ಯಾನಿಕ್ ಮೊದಲು ಮೀಟರ್ ಹಿಡಿಯುವ ಸ್ಥಳಗಳಲ್ಲಿ ಅದೂ ಒಂದು. ಲೈಪ್ಜಿಗ್‌ನ ಶಾಲಾ ಮಾಸ್ತರರು ಹರಳಿನ ಮೇಲೆ ಮಾಡಿದ ಪರೀಕ್ಷೆಯನ್ನೇ ಆತ ಮತ್ತೆ ಮಾಡುತ್ತಾನೆ: ಒಂದು ದಿಕ್ಕಿನಲ್ಲಿ ಹರಿಯಬೇಕು, ಇನ್ನೊಂದು ದಿಕ್ಕಿನಲ್ಲಿ ಹರಿಯಬಾರದು. ಎರಡೂ ಕಡೆ ಹರಿದರೆ ಡಯೋಡ್ ಸತ್ತಿದೆ ಎಂದರ್ಥ.

1877ರಿಂದ ಬ್ರೌನ್ ಅವರ ಅಧ್ಯಾಪನ ಜೀವನ ಊರಿಂದೂರಿಗೆ ಸಾಗಿತು. ಮಾರ್‌ಬುರ್ಗ್, ಸ್ಟ್ರಾಸ್‌ಬುರ್ಗ್, ಕಾರ್ಲ್ಸ್‌ರೂಹೆ, ಟ್ಯೂಬಿಂಗನ್ ನಗರಗಳಲ್ಲಿ ಬೋಧಿಸಿದರು. ಟ್ಯೂಬಿಂಗನ್‌ನಲ್ಲಿ ಹೊಸ ಭೌತವಿಜ್ಞಾನ ಸಂಸ್ಥೆಯನ್ನು ಕಟ್ಟುವಲ್ಲಿ ಶ್ರಮಿಸಿದರು. 1885ರಲ್ಲಿ ಅಮೇಲಿ ಬ್ಯೂಲರ್ ಅವರನ್ನು ವಿವಾಹವಾದರು. ದಂಪತಿಗೆ ಇಬ್ಬರು ಗಂಡು, ಇಬ್ಬರು ಹೆಣ್ಣು ಮಕ್ಕಳು. 1895ರಲ್ಲಿ ಸ್ಟ್ರಾಸ್‌ಬುರ್ಗ್‌ಗೆ ಮರಳಿ ಅಲ್ಲಿನ ಭೌತವಿಜ್ಞಾನ ಸಂಸ್ಥೆಯ ನಿರ್ದೇಶಕರಾದರು. ಅವರ ಹೆಸರನ್ನು ಉಳಿಸಿದ ಕೆಲಸ ನಡೆದದ್ದು ಇಲ್ಲೇ.

ಯುರೋಪಿನ ನಗರಗಳಿಗೆ ಎ.ಸಿ. ವಿದ್ಯುತ್ತು ಆಗಷ್ಟೇ ಕಾಲಿಡುತ್ತಿತ್ತು. ಸೆಕೆಂಡಿಗೆ ಹತ್ತಾರು ಬಾರಿ ದಿಕ್ಕು ಬದಲಿಸುವ ಅದರ ಸ್ವರೂಪವನ್ನು ಅಳೆಯುವುದು ಎಂಜಿನಿಯರುಗಳಿಗೆ ದೊಡ್ಡ ತಲೆನೋವಾಗಿತ್ತು. ಅಳತೆಯ ಮುಳ್ಳು ಎಷ್ಟೇ ಹಗುರವಾಗಿರಲಿ, ಅದಕ್ಕೊಂದು ತೂಕವಿದ್ದೇ ಇರುತ್ತದೆ. ಅಂಥ ವೇಗಕ್ಕೆ ಅದು ಹೆಜ್ಜೆ ಹಾಕಲಾರದು. ಹಾಗಾದರೆ ತೂಕವೇ ಇಲ್ಲದಂತಹ ಮುಳ್ಳು ಬೇಕು. ಗಾಳಿ ತೆಗೆದ ಗಾಜಿನ ನಳಿಗೆಯಲ್ಲಿ ಋಣ ಧ್ರುವದಿಂದ ಹೊರಡುವ ಕಿರಣಗಳು ಅಯಸ್ಕಾಂತಕ್ಕೆ ಬಾಗುತ್ತವೆ ಎಂಬುದು ಆ ವೇಳೆಗೆ ತಿಳಿದಿತ್ತು. ಆ ಕಿರಣವನ್ನೇ ಮುಳ್ಳಾಗಿ ಬಳಸಲು ಬ್ರೌನ್ ನಿಶ್ಚಯಿಸಿದರು.

ನಳಿಗೆಯನ್ನು ಊದಿಕೊಟ್ಟವರು ಬಾನ್ ನಗರದ ಕುಶಲ ಗಾಜುಗಾರ ಫ್ರಾಂಜ್ ಮುಲ್ಲರ್. ಒಂದು ತುದಿಯಲ್ಲಿ ಕಿರಣ ಹೊಮ್ಮುವ ಧ್ರುವ, ನಡುವೆ ಕಿರಣವನ್ನು ಸೂಜಿಯಷ್ಟು ಸಣ್ಣದಾಗಿಸುವ ರಂಧ್ರವಿರುವ ತಡೆ, ಮತ್ತೊಂದು ತುದಿಯಲ್ಲಿ ಹೊಳೆಯುವ ಲೇಪ ಹಚ್ಚಿದ ಅಭ್ರಕದ ಹಾಳೆ. ನಳಿಗೆಯ ಪಕ್ಕದಲ್ಲೊಂದು ತಂತಿಯ ಸುರುಳಿ. ಪರೀಕ್ಷಿಸಬೇಕಾದ ವಿದ್ಯುತ್ತನ್ನು ಆ ಸುರುಳಿಗೆ ಹರಿಸಿದಾಗ ಹಾಳೆಯ ಮೇಲಿನ ಹೊಳೆಯುವ ಚುಕ್ಕೆ ಹಿಂದಕ್ಕೂ ಮುಂದಕ್ಕೂ ಓಡಾಡಿ ಒಂದು ಗೆರೆಯಾಗಿ ಕಾಣುತ್ತಿತ್ತು. ಆ ಗೆರೆಯನ್ನು ತಿರುಗುವ ಕನ್ನಡಿಯಲ್ಲಿ ನೋಡಿದಾಗ ಅದು ಬಿಚ್ಚಿಕೊಂಡು ಅಲೆಯಾಗುತ್ತಿತ್ತು. ಕಾಲವನ್ನು ಹರಡಿ ತೋರಿಸುವ ಕೆಲಸವನ್ನು ನಳಿಗೆಯ ಹೊರಗಿದ್ದ ಕನ್ನಡಿ ನಿರ್ವಹಿಸುತ್ತಿತ್ತು. 1897ರ ಫೆಬ್ರುವರಿಯಲ್ಲಿ ಅವರು ಈ ನಳಿಗೆಯ ವಿವರಗಳನ್ನು ಪ್ರಕಟಿಸಿದರು. ಎಲೆಕ್ಟ್ರಾನ್ ಎಂದು ಇಂದು ಕರೆಯುವ ಕಣದ ಇರವನ್ನು ಜೆ.ಜೆ. ಥಾಮ್ಸನ್ ಲಂಡನ್‌ನಲ್ಲಿ ಸಾರಿದ್ದು ಅದಾದ ಎರಡು ತಿಂಗಳ ನಂತರ. ಅಂದರೆ ತಾವು ಬಾಗಿಸುತ್ತಿರುವ ಕಿರಣ ಯಾವುದರಿಂದ ಆದದ್ದು ಎಂಬುದು ಇತ್ಯರ್ಥವಾಗುವ ಮೊದಲೇ ಬ್ರೌನ್ ಅದನ್ನು ದುಡಿಸಿಕೊಂಡಿದ್ದರು.

ನಳಿಗೆಗೆ ಅವರು ಪೇಟೆಂಟ್ ಪಡೆಯಲಿಲ್ಲ. ಬಲ್ಲವರು ಯಾರೇ ಆಗಲಿ ಮಾಡಿಕೊಳ್ಳಲಿ ಎಂಬಂತೆ ವಿವರಗಳನ್ನು ಮುಕ್ತವಾಗಿಟ್ಟರು. ಅವರ ಸಹಾಯಕ ಯೋನಾಥನ್ ಝೆನೆಕ್ 1899ರಲ್ಲಿ ಕನ್ನಡಿಯನ್ನು ಕೈಬಿಟ್ಟು, ಕಿರಣವನ್ನು ಒಂದೇ ವೇಗದಲ್ಲಿ ಅಡ್ಡಲಾಗಿ ಎಳೆದು ಥಟ್ಟನೆ ಹಿಂದಿರುಗಿಸುವ ಎರಡನೆಯ ಸುರುಳಿಯನ್ನು ಸೇರಿಸಿದರು. ಗೆರೆ ಅಲೆಯಾಗಿ ಪರದೆಯ ಮೇಲೆಯೇ ಮೂಡಿತು. ಇಂದಿಗೂ ದುರಸ್ತಿಗಾರರ ಮೇಜಿನ ಮೇಲಿರುವ ಆಸಿಲೋಸ್ಕೋಪ್‌ನ ಜನನವಿದು.

ಪಿಕ್ಚರ್ ಟ್ಯೂಬಿನ ಕತ್ತಿಗೆ ತೊಡಿಸಿದ ಯೋಕ್ ಎಂಬ ಸುರುಳಿಗಳ ಜೋಡಿಯಲ್ಲಿ ಈ ಇಬ್ಬರ ಕೆಲಸವೂ ಇದೆ. ಒಂದು ಸುರುಳಿ ಕಿರಣವನ್ನು ಸೆಕೆಂಡಿಗೆ ಸುಮಾರು 15,700 ಬಾರಿ ಎಡದಿಂದ ಬಲಕ್ಕೆ ಒಯ್ಯುತ್ತದೆ, ಇನ್ನೊಂದು ಸುಮಾರು 60 ಬಾರಿ ಮೇಲಿನಿಂದ ಕೆಳಕ್ಕೆ ಇಳಿಸುತ್ತದೆ. ಎರಡನೆಯದು ನಿಂತರೆ ಪರದೆ 1897ರ ಸ್ಥಿತಿಗೆ ಮರಳುತ್ತದೆ, ಒಂಟಿ ಗೆರೆ ಕಾಣಿಸಿಕೊಳ್ಳುತ್ತದೆ. ಆಗ ಮಾಡಬೇಕಾದ ಮೊದಲ ಕೆಲಸ ಬೆಳಕನ್ನು ತಗ್ಗಿಸುವುದು. ಇಡೀ ಪರದೆಗೆ ಹಂಚಿಹೋಗಬೇಕಾದ ಕಿರಣ ಒಂದೇ ಕಡೆ ಬಡಿದರೆ ಲೇಪ ಸುಟ್ಟು ಶಾಶ್ವತ ಕಲೆಯುಳಿಯುತ್ತದೆ. ನಂತರ ಹುಡುಕಾಟ. ಹಲವು ಬಾರಿ ದೋಷವಿರುವುದು ಯೋಕ್ ತಂತಿ ಬಂದು ಸೇರುವ ಪಿನ್ನಿನ ಬುಡದಲ್ಲಿ. ವರ್ಷಗಟ್ಟಲೆ ಬಿಸಿಯೇರಿ ತಣ್ಣಗಾದ ಬೆಸುಗೆ ಕೂದಲೆಳೆಯಷ್ಟು ಬಿರಿದಿರುತ್ತದೆ. ಮೆಕ್ಯಾನಿಕ್‌ಗಳು ಡ್ರೈ ಸೋಲ್ಡರ್ ಎನ್ನುವುದು ಇದನ್ನೇ. ಅಲ್ಲಿ ಸರಿಯಿದ್ದರೆ ಲಂಬ ಚಲನೆಯ ಐ.ಸಿ., ಅದಕ್ಕೆ ವಿದ್ಯುತ್ತು ಒದಗಿಸುವ ಪುಟ್ಟ ರೆಸಿಸ್ಟರ್, ಒಣಗಿದ ಕಂಡೆನ್ಸರ್‌ಗಳ ಸರದಿ.

ಕಂಡೆನ್ಸರ್‌ಗಳದ್ದೇ ಒಂದು ದೊಡ್ಡ ಅಧ್ಯಾಯ. ಅವುಗಳೊಳಗಿನ ದ್ರವ ವರ್ಷಗಳು ಕಳೆದಂತೆ ಬಿಸಿಗೆ ಆರುತ್ತದೆ. ವಿದ್ಯುತ್ ಪೂರೈಕೆಯ ಬಳಿಯಿರುವ ದೊಡ್ಡ ಕಂಡೆನ್ಸರ್ ಸೊರಗಿದರೆ ಚಿತ್ರದ ಅಂಚುಗಳು ಹಾವಿನಂತೆ ಬಳುಕುತ್ತವೆ; ಲಂಬ ಭಾಗದ ಸಣ್ಣವು ಸೊರಗಿದರೆ ಚಿತ್ರದ ಮೇಲ್ತುದಿ ಮಡಚಿಕೊಳ್ಳುತ್ತದೆ. ಪರದೆ ಪೂರ್ತಿ ಕತ್ತಲಾಗಿದ್ದರೆ ಟ್ಯೂಬಿನ ಕತ್ತಿನಲ್ಲಿ ಕಿತ್ತಳೆ ಬಣ್ಣದ ಸಣ್ಣ ಹೊಳಪಿದೆಯೇ ಎಂದು ನೋಡಬೇಕು. ಅದಿಲ್ಲದೆ, ಕತ್ತಿನ ಒಳಗೋಡೆಯ ಬೆಳ್ಳಿಯಂಥ ಕಲೆಯೂ ಹಾಲಿನಂತೆ ಬಿಳಿಚಿಕೊಂಡಿದ್ದರೆ ಗಾಳಿ ಒಳನುಗ್ಗಿದೆ ಎಂದರ್ಥ. ಆ ಟ್ಯೂಬಿಗೆ ಮದ್ದಿಲ್ಲ.

ಈ ಕೆಲಸದಲ್ಲಿ ಜೀವಾಪಾಯವೂ ಇದೆ. 19 ಅಂಗುಲದ ಬಣ್ಣದ ಟ್ಯೂಬಿಗೆ 20,000 ವೋಲ್ಟ್‌ಗೂ ಮೀರಿದ ಒತ್ತಡ ಬೇಕು. ಗಾಜಿನ ಒಳಹೊರಗಿನ ಲೇಪಗಳು ತಾವೇ ಒಂದು ಕಂಡೆನ್ಸರ್‌ನಂತೆ ವರ್ತಿಸಿ, ಪ್ಲಗ್ ಕಿತ್ತ ಮೇಲೂ ಆ ಶಕ್ತಿಯನ್ನು ಹಿಡಿದಿಟ್ಟುಕೊಳ್ಳುತ್ತವೆ. ಆದ್ದರಿಂದ ಬಲ್ಲವರು ಮೊದಲು ಟ್ಯೂಬಿನ ಹೊರಮೈಗೆ ಕಟ್ಟಿದ ಭೂತಂತಿಗೆ ಸ್ಕ್ರೂಡ್ರೈವರನ್ನು ಜೋಡಿಸಿ, ರಬ್ಬರ್ ಟೋಪಿಯ ಕೆಳಗೆ ತೂರಿಸಿ, ಚಟ್ ಎಂಬ ಸದ್ದಿನೊಡನೆ ಅದನ್ನು ಖಾಲಿ ಮಾಡುತ್ತಾರೆ. ಗೇಮ್ ಯಂತ್ರಗಳ ಮಾನಿಟರ್‌ಗಳಲ್ಲಿ ಇನ್ನೊಂದು ಮರ್ಮವಿದೆ. ಅನೇಕ ಮಾದರಿಗಳಲ್ಲಿ ಹಲಗೆಯನ್ನು ಮನೆಯ ವಿದ್ಯುತ್ತಿನಿಂದ ಬೇರ್ಪಡಿಸುವ ಟ್ರಾನ್ಸ್‌ಫಾರ್ಮರ್ ಇರುವುದು ಮರದ ಪೆಟ್ಟಿಗೆಯ ತಳದಲ್ಲಿ, ಮಾನಿಟರ್‌ನಲ್ಲಿ ಅಲ್ಲ. ಮಾನಿಟರ್ ಒಂದನ್ನೇ ಹೊರತೆಗೆದು ಮೇಜಿನ ಮೇಲೆ ನೇರವಾಗಿ ಹೊತ್ತಿಸಿದರೆ ಅದರ ಲೋಹದ ಚೌಕಟ್ಟೇ ಕೈಗೆ ಹೊಡೆಯುತ್ತದೆ.

ಬ್ರೌನ್ ಬಹುಕಾಲ ನಳಿಗೆಯಲ್ಲೇ ನಿಲ್ಲಲಿಲ್ಲ. 1898ರ ವೇಳೆಗೆ ಅವರ ಗಮನ ನಿಸ್ತಂತು ಸಂಪರ್ಕದತ್ತ ಹೊರಳಿತು. ಮಾರ್ಕೋನಿಯವರ ಆರಂಭದ ಯಂತ್ರಗಳಲ್ಲಿ ಕಿಡಿ ಹಾರುವ ಜಾಗವೇ ಆಂಟೆನಾಗೆ ನೇರವಾಗಿ ಜೋಡಿತವಾಗಿತ್ತು. ಅಲೆಗಳು ಹುಟ್ಟುತ್ತಲೇ ಸಾಯುತ್ತಿದ್ದವು. ಬ್ರೌನ್ ಕಿಡಿಯನ್ನು ಕಂಡೆನ್ಸರ್ ಮತ್ತು ಸುರುಳಿಗಳ ಪ್ರತ್ಯೇಕ ಮಂಡಲದಲ್ಲಿರಿಸಿ, ಅಲ್ಲಿಂದ ಶಕ್ತಿಯನ್ನು ಆಂಟೆನಾಗೆ ಸುರುಳಿಯ ಮೂಲಕ ದಾಟಿಸಿದರು. ಎರಡೂ ಮಂಡಲಗಳು ಒಂದೇ ಶ್ರುತಿಗೆ ಹೊಂದಿದಾಗ ಸಂಕೇತ ಬಹುದೂರ ತಲುಪಿತು. ಕುಕ್ಸ್‌ಹಾವನ್ ತೀರದಿಂದ ಹೆಲಿಗೋಲ್ಯಾಂಡ್ ದ್ವೀಪಕ್ಕಿರುವ 62 ಕಿಲೋಮೀಟರ್ ಸಮುದ್ರವನ್ನು 1900ರಲ್ಲಿ ಅವರ ಸಂಕೇತಗಳು ದಾಟಿದವು. ಹಳೆಯ ಮಾನಿಟರ್‌ನಲ್ಲಿ ಭಾರೀ ವೋಲ್ಟೇಜ್ ಹುಟ್ಟುವುದೂ ಸುರುಳಿ ಮತ್ತು ಕಂಡೆನ್ಸರ್‌ಗಳ ಇಂಥದೇ ಶ್ರುತಿಯಿಂದ. ಆ ಜಾಗದ ಕಂಡೆನ್ಸರ್‌ಗೆ ಬದಲಾಗಿ ಕಡಿಮೆ ಬೆಲೆಯುಳ್ಳದ್ದನ್ನು, ಅಂದರೆ ಕಡಿಮೆ ಮೈಕ್ರೋಫ್ಯಾರಡ್‌ನದ್ದನ್ನು ಹಾಕಿದರೆ ಶ್ರುತಿ ಏರಿ, ಒತ್ತಡ ಮಿತಿಮೀರುತ್ತದೆ. ಅನನುಭವಿಗಳು ಹೆಚ್ಚು ಎಡವುವುದು ಇಲ್ಲೇ.

ನಳಿಗೆಯಲ್ಲಿ ತೋರಿದ ಔದಾರ್ಯ ನಿಸ್ತಂತುವಿನಲ್ಲಿ ಸಾಧ್ಯವಾಗಲಿಲ್ಲ. ಅಲ್ಲಿ ಉದ್ಯಮ, ಬಂಡವಾಳ, ಸೇನೆ ಎಲ್ಲವೂ ಸೇರಿಕೊಂಡಿದ್ದವು. ಬ್ರೌನ್ ಪೇಟೆಂಟ್‌ಗಳನ್ನು ಪಡೆದರು; ಅವರ ಪದ್ಧತಿಯನ್ನು ಬಳಸುತ್ತಿದ್ದ ಕಂಪನಿ 1903ರಲ್ಲಿ ಟೆಲಿಫುಂಕೆನ್ ಎಂಬ ದೊಡ್ಡ ಸಂಸ್ಥೆಯಲ್ಲಿ ಲೀನವಾಯಿತು. 1909ರ ಭೌತವಿಜ್ಞಾನದ ನೊಬೆಲ್ ಪುರಸ್ಕಾರವನ್ನು ಮಾರ್ಕೋನಿ ಮತ್ತು ಬ್ರೌನ್ ಹಂಚಿಕೊಂಡರು. ಪುರಸ್ಕಾರ ಬಂದದ್ದು ನಿಸ್ತಂತುವಿಗೆ. ಇಂದು ಅವರನ್ನು ನೆನೆಯುವವರು ಬಹುತೇಕ ನೆನೆಯುವುದು ನಳಿಗೆಗಾಗಿ.

1914ರಲ್ಲಿ ಮಹಾಯುದ್ಧ ಆರಂಭವಾಯಿತು. ನ್ಯೂಯಾರ್ಕ್ ಬಳಿಯ ಲಾಂಗ್ ಐಲ್ಯಾಂಡ್‌ನ ಸೇವಿಲ್ ಎಂಬಲ್ಲಿ ಜರ್ಮನ್ನರ ನಿಸ್ತಂತು ಕೇಂದ್ರವೊಂದಿತ್ತು. ಸಮುದ್ರದಡಿಯ ತಂತಿಗಳನ್ನು ಬ್ರಿಟನ್ ಕತ್ತರಿಸಿದ್ದರಿಂದ ಜರ್ಮನಿಗೆ ಅಮೆರಿಕದೊಡನೆ ಉಳಿದಿದ್ದ ಕೊಂಡಿಗಳಲ್ಲಿ ಅದು ಮುಖ್ಯವಾದುದು. ಆ ಕೇಂದ್ರದ ವಿರುದ್ಧ ಮಾರ್ಕೋನಿ ಕಂಪನಿ ಪೇಟೆಂಟ್ ಮೊಕದ್ದಮೆ ಹೂಡಿತು. ಸಾಕ್ಷ್ಯ ನುಡಿಯಲು 64 ವರ್ಷದ ಬ್ರೌನ್, ಅನಾರೋಗ್ಯವಿದ್ದರೂ, ಯುದ್ಧಕಾಲದ ಅಟ್ಲಾಂಟಿಕ್ ಸಾಗರವನ್ನು ದಾಟಿ ಅಮೆರಿಕಕ್ಕೆ ಹೋದರು. ಶಿಷ್ಯ ಝೆನೆಕ್ ಕೂಡ ಆ ಮೊಕದ್ದಮೆಗಾಗಿ ಅಲ್ಲಿಗೆ ತೆರಳಿದ್ದರು. ಮೊಕದ್ದಮೆ ಎಳೆಯುತ್ತಲೇ ಹೋಯಿತು. ಮರಳುವ ದಾರಿ ಸುರಕ್ಷಿತವಾಗಿರಲಿಲ್ಲ. 1917ರ ಏಪ್ರಿಲ್‌ನಲ್ಲಿ ಅಮೆರಿಕವೇ ಯುದ್ಧಕ್ಕಿಳಿದಾಗ, ನೊಬೆಲ್ ವಿಜೇತರಾದ ಬ್ರೌನ್ ಶತ್ರುದೇಶದ ಪ್ರಜೆಯೆನಿಸಿದರು. ಬ್ರೂಕ್ಲಿನ್‌ನಲ್ಲಿದ್ದ ಮಗನ ಮನೆಯಲ್ಲಿ ಉಳಿದರು. ಪತ್ನಿ ಅಮೇಲಿ ಅದೇ ವರ್ಷ ಸ್ಟ್ರಾಸ್‌ಬುರ್ಗ್‌ನಲ್ಲಿ ನಿಧನರಾದರು. ಅವರ ಮುಖವನ್ನು ಕೊನೆಯ ಬಾರಿ ನೋಡುವುದೂ ಬ್ರೌನ್ ಅವರಿಗೆ ಸಾಧ್ಯವಾಗಲಿಲ್ಲ. ಯುದ್ಧ ಮುಗಿಯಲು ಏಳು ತಿಂಗಳಿರುವಾಗ, 1918ರ ಏಪ್ರಿಲ್ 20ರಂದು ಅವರು ಬ್ರೂಕ್ಲಿನ್‌ನಲ್ಲೇ ಕಣ್ಣುಮುಚ್ಚಿದರು. ಅಷ್ಟರ ನಂತರ ಸ್ಟ್ರಾಸ್‌ಬುರ್ಗ್ ಫ್ರಾನ್ಸಿನ ಪಾಲಾಯಿತು. ಚಿತಾಭಸ್ಮವನ್ನು ಮುಂದೆ ಹುಟ್ಟೂರು ಫುಲ್ಡಾಕ್ಕೆ ತಂದು ಮಣ್ಣುಮಾಡಲಾಯಿತು. ಪೇಟೆಂಟ್ ಇಲ್ಲದ ನಳಿಗೆ ಯಾರ ಅಪ್ಪಣೆಯನ್ನೂ ಕೇಳದೆ ದೇಶದೇಶಗಳನ್ನು ಸುತ್ತುತ್ತಿದ್ದ ಹೊತ್ತಿನಲ್ಲಿ, ಪೇಟೆಂಟ್‌ಗಳಿಗಾಗಿ ಸಾಗರ ದಾಟಿದ ಮನುಷ್ಯ ಮನೆಗೆ ಮರಳಲಾಗದೆ ಹೋದರು.

ನಳಿಗೆಯ ಪಯಣ ಮುಂದುವರಿಯಿತು. ಜಪಾನಿನ ಕೆಂಜಿರೊ ತಕಯನಾಗಿ 1926ರ ಡಿಸೆಂಬರ್‌ನಲ್ಲಿ ಅದರ ಮೇಲೆ ಜಪಾನೀ ಅಕ್ಷರವೊಂದನ್ನು ಮೂಡಿಸಿದರು. ಜಪಾನೀಯರು ಪಿಕ್ಚರ್ ಟ್ಯೂಬನ್ನು ಕರೆಯುವುದೇ ಬ್ರೌನ್ ನಳಿಗೆ ಎಂದು. ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ 1970ರಲ್ಲಿ ಕಪ್ಪುಬಿಳುಪು ಪಿಕ್ಚರ್ ಟ್ಯೂಬ್‌ಗಳ ತಯಾರಿಕೆ ಆರಂಭಿಸಿತು. ರಾಜ್ಯದ ಹಳ್ಳಿಗರು ಮೊದಲು ಟಿವಿ ಕಂಡದ್ದು ರಾಜಧಾನಿಯಿಂದ ದೂರದ ಬಿಸಿಲುನಾಡಿನಲ್ಲಿ ಎಂಬುದು ಗಮನಾರ್ಹ. 1975ರ ಆಗಸ್ಟ್‌ನಿಂದ 1976ರ ಜುಲೈವರೆಗೆ ನಡೆದ ಉಪಗ್ರಹ ಶಿಕ್ಷಣ ಟಿವಿ ಪ್ರಯೋಗಕ್ಕೆ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳನ್ನು ಆರಿಸಲಾಗಿತ್ತು. ಕರ್ನಾಟಕದಿಂದ ಆಯ್ಕೆಯಾದವು ಬಿಜಾಪುರ, ಗುಲ್ಬರ್ಗ ಮತ್ತು ರಾಯಚೂರು ಜಿಲ್ಲೆಗಳು. ಸಿಂಧನೂರು, ಲಿಂಗಸುಗೂರು, ಮಸ್ಕಿ, ಸಾಲಗುಂದಗಳಿರುವ ರಾಯಚೂರು ಜಿಲ್ಲೆಗೆ ಬ್ರೌನ್ ನಳಿಗೆ ಬಂದದ್ದು ಹೀಗೆ, ಆಕಾಶಮಾರ್ಗದ ಜೊತೆಗಾರನಾಗಿ. ಬಿಸಿಲು, ಧೂಳು, ಏರಿಳಿಯುವ ವೋಲ್ಟೇಜ್‌ಗಳ ನಡುವೆ ಸೆಟ್ಟುಗಳನ್ನು ನಡೆಸುವುದು ಸುಲಭದ ಮಾತಾಗಿರಲಿಲ್ಲ. ಅವುಗಳ ರಿಪೇರಿಗೆಂದೇ ಪ್ರತ್ಯೇಕ ವ್ಯವಸ್ಥೆ ಕಟ್ಟಬೇಕಾಯಿತು. ಉಪಗ್ರಹದ ಮಾತು ಎಲ್ಲರ ನೆನಪಿನಲ್ಲಿದೆ, ಸೆಟ್ಟು ಸರಿಪಡಿಸಿದವರದ್ದು ಅಷ್ಟಾಗಿ ಇಲ್ಲ.

ಇನ್ನು ಆಟದ ಕಥೆ. ಬ್ರೂಕ್ಲಿನ್ ಮತ್ತು ಸೇವಿಲ್ ಎರಡೂ ಇರುವ ಆ ಲಾಂಗ್ ಐಲ್ಯಾಂಡ್‌ನಲ್ಲೇ ಬ್ರೂಕ್‌ಹಾವನ್ ರಾಷ್ಟ್ರೀಯ ಪ್ರಯೋಗಾಲಯವಿದೆ. 1958ರ ಅಕ್ಟೋಬರ್‌ನಲ್ಲಿ ಅಲ್ಲಿನ ಭೌತವಿಜ್ಞಾನಿ ವಿಲಿಯಂ ಹಿಗಿನ್‌ಬಾಥಮ್, ಪ್ರಯೋಗಾಲಯ ನೋಡಲು ಬರುವ ಸಾರ್ವಜನಿಕರಿಗೆ ಬೇಸರವಾಗದಿರಲೆಂದು ಐದು ಅಂಗುಲದ ಆಸಿಲೋಸ್ಕೋಪ್ ಪರದೆಯ ಮೇಲೆ ಟೆನಿಸ್ ಆಟವೊಂದನ್ನು ಸಿದ್ಧಪಡಿಸಿದರು. ಆಡಲು ಜನ ಸಾಲುಗಟ್ಟಿದರು. ಇಬ್ಬರು ಆಡಿದ ಆ ಚೆಂಡು ಚಿತ್ರವಾಗಿರಲಿಲ್ಲ. ಬ್ರೌನ್ ಸ್ಟ್ರಾಸ್‌ಬುರ್ಗ್‌ನಲ್ಲಿ ಕಂಡ ಅದೇ ಹೊಳೆವ ಚುಕ್ಕೆ, ವಿದ್ಯುತ್ತು ಬಾಗಿಸಿದಂತೆ ಬಾಗುವ ಕಿರಣದ ತುದಿ. ವಿಶೇಷವೆಂದರೆ ಹಿಗಿನ್‌ಬಾಥಮ್ ಕೂಡ ತಮ್ಮ ಆಟಕ್ಕೆ ಪೇಟೆಂಟ್ ಪಡೆಯಲಿಲ್ಲ. ಅಟಾರಿ ಕಂಪನಿ 1979ರಲ್ಲಿ ಹೊರತಂದ ಆಸ್ಟರಾಯ್ಡ್ಸ್ ಆಟದ ಮಾನಿಟರ್ ಸಹ ಹೀಗೆಯೇ ಕಿರಣದಿಂದ ನೇರವಾಗಿ ಗೆರೆಗಳನ್ನು ಎಳೆಯುತ್ತಿತ್ತು. ಅಂಥ ಮಾನಿಟರ್‌ಗಳಲ್ಲಿ ಚಲನೆ ನಿಂತರೆ ಕಿರಣ ಒಂದೇ ಬಿಂದುವಿನಲ್ಲಿ ನಿಂತು ಪರದೆಯನ್ನು ಸುಡುತ್ತದೆ. ಅದಕ್ಕಾಗಿ ಕಿರಣವನ್ನೇ ಆರಿಸುವ ಕಾವಲು ವ್ಯವಸ್ಥೆ ಇರಿಸಲಾಗಿತ್ತು. ಮುಂದಿನ ವರ್ಷ ಬಂದ ಪ್ಯಾಕ್‌ಮ್ಯಾನ್‌ನ ಪರದೆಗಳಲ್ಲಿ ಸುಟ್ಟ ಗುರುತು ಇನ್ನೊಂದು ಬಗೆಯದು. ವರ್ಷಗಟ್ಟಲೆ ಒಂದೇ ಜಾಗದಲ್ಲಿ ಉರಿದ ಚಕ್ರವ್ಯೂಹದ ನಕ್ಷೆ, ಯಂತ್ರ ಆರಿದ್ದಾಗಲೂ ಗಾಜಿನ ಮೇಲೆ ಕಾಣಿಸುತ್ತದೆ.

ಎಲ್‌ಸಿಡಿ ಪರದೆಗಳು ಬಂದ ಮೇಲೆ ಪಿಕ್ಚರ್ ಟ್ಯೂಬ್ ಕಾರ್ಖಾನೆಗಳು ಒಂದೊಂದಾಗಿ ಬಾಗಿಲು ಹಾಕಿದವು. ಡಯೋಡ್, ಕಂಡೆನ್ಸರ್, ಟ್ರಾನ್ಸಿಸ್ಟರ್‌ಗಳು ಇಂದಿಗೂ ಹೊಸದಾಗಿಯೇ ಸಿಗುತ್ತವೆ, ಟ್ಯೂಬ್ ಸಿಗುವುದಿಲ್ಲ. ಹಾಗಾಗಿ ಗೇಮ್ ಯಂತ್ರದ ಟ್ಯೂಬ್ ಸತ್ತಾಗ ದುರಸ್ತಿಗಾರರು ಗುಜರಿಗೆ ಹೋಗುವ ಹಳೆಯ ಬಣ್ಣದ ಟಿವಿಗಳನ್ನು ಹುಡುಕುತ್ತಾರೆ. ಅಳತೆ ಒಂದೇ ಆಗಿದ್ದರೆ ಸಾಲದು. ಕತ್ತಿನ ದಪ್ಪ, ಹಿಂಬದಿಯ ಪಿನ್ನುಗಳ ಜೋಡಣೆ, ಯೋಕ್ ಸುರುಳಿಗಳ ಗುಣ ಎಲ್ಲವೂ ಹಳೆಯ ಹಲಗೆಗೆ ಹೊಂದಬೇಕು. ಹೊಂದದಿದ್ದರೆ ಟಿವಿಯ ಯೋಕನ್ನು ಬಿಚ್ಚಿ, ಹಳೆಯ ಮಾನಿಟರ್‌ನದ್ದನ್ನು ತೊಡಿಸಿ, ಕೆಂಪು, ಹಸಿರು, ನೀಲಿ ಕಿರಣಗಳು ಒಂದೇ ಬಿಂದುವಿನಲ್ಲಿ ಕೂಡುವವರೆಗೆ ಕತ್ತಿನ ಮೇಲಿನ ಅಯಸ್ಕಾಂತದ ಉಂಗುರಗಳನ್ನು ಕೂದಲೆಳೆಯಷ್ಟು ತಿರುಗಿಸುತ್ತಾ ಗಂಟೆಗಟ್ಟಲೆ ಕೂರಬೇಕಾಗುತ್ತದೆ.